ಮನೆ ಮಾರಿ ಮುದ್ರಣಾಲಯ ತೆರೆದ ಸಂಪಾದಕ



ವಿಜಯಪುರ ಎಂದೊಡನೆ ನಿಮ್ಮ ಕಣ್ಣ ಮುಂದೆ ನಿಲ್ಲುವುದು ಗೋಳಗುಮ್ಮಟ. ಜಲನಗರದ ಪುಟ್ಟ ಮಕ್ಕಳನ್ನು ಕೇಳಿದರೂ ಅದರ ಪ್ರತಿಧ್ವನಿಯ ಬಗ್ಗೆ ಹೇಳಿಯಾರು. ಆದರೆ ಇದೇ ಊರಿನಲ್ಲಿ ಬಾಳಿ, ಇನ್ನೊಬ್ಬರ ನುಡಿಗಳನ್ನು ಕಾಪಾಡಲು ತನ್ನ ಸ್ವಂತ ಮನೆಯನ್ನೇ ಮಾರಿದ ವಕೀಲರೊಬ್ಬರ ಬದುಕನ್ನು ನೀವು ನಿಮ್ಮ ಮಕ್ಕಳಿಗೆ ಎಂದಾದರೂ ಹೇಳಿದ್ದೀರಾ?

ಅವರೇ ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಶಿಕ್ಷಕರು, ಬರಹಗಾರರು. ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡ ಮಗು ಅಜ್ಜಿಯ ಆರೈಕೆಯಲ್ಲಿ ಬೆಳೆಯಿತು. ಮುಂಬಯಿಯಲ್ಲಿ ಪದವಿ ಮತ್ತು ಕಾನೂನು ಶಿಕ್ಷಣ ಮುಗಿಸಿದ ಅವರು 1904ರ ಸುಮಾರಿಗೆ ಬಿಜಾಪುರದಲ್ಲಿ ವಕೀಲಿ ಆರಂಭಿಸಿದರು. ಕೈತುಂಬ ಸಂಪಾದಿಸಿ ಸುಖವಾಗಿರಬಹುದಾಗಿದ್ದ ವೃತ್ತಿ ಅದು. ಆದರೆ ಅವರ ಮನಸ್ಸು ಬೇರೆಡೆಗೆ ಹೊರಳಿತು.

ಹನ್ನೆರಡನೆಯ ಶತಮಾನದ ಶರಣರ ವಚನಗಳು ಆಗ ಮನೆಮನೆಗಳಲ್ಲಿ, ಮಠಗಳಲ್ಲಿ ತಾಳೆಗರಿಯ ಕಟ್ಟುಗಳಾಗಿ ಬಿದ್ದಿದ್ದವು. ಕೆಲವನ್ನು ಬಟ್ಟೆಯಲ್ಲಿ ಸುತ್ತಿ ಪೂಜಿಸುತ್ತಿದ್ದರೇ ಹೊರತು ಬಿಚ್ಚಿ ಓದುವವರಿರಲಿಲ್ಲ. ಕೆಲವು ಗೆದ್ದಲಿನ ಪಾಲಾಗುತ್ತಿದ್ದವು. ಹಳಕಟ್ಟಿಯವರು ಊರೂರು ಅಲೆದು ಅವುಗಳನ್ನು ಕೇಳಿ ತಂದರು, ನಕಲು ಮಾಡಿದರು, ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸಿದರು. ಪ್ರತಿಯೊಂದು ವಚನದ ಕೊನೆಯಲ್ಲಿ ಅದರ ಕರ್ತೃವಿನ ಅಂಕಿತವಿರುತ್ತದೆ. ಅದನ್ನು ಹಿಡಿದು, ಯಾರ ಮಾತು ಯಾರದೆಂದು ಬೇರ್ಪಡಿಸಿದರು. ಬೆರಳೆಣಿಕೆಯ ವಚನಕಾರರ ಹೆಸರು ಮಾತ್ರ ತಿಳಿದಿದ್ದ ನಾಡಿಗೆ ಇನ್ನೂರಕ್ಕೂ ಹೆಚ್ಚು ವಚನಕಾರರ ಪರಿಚಯವಾಯಿತು. ಅವರಲ್ಲಿ ನೇಕಾರರು, ಅಂಬಿಗರು, ಚಮ್ಮಾರರು, ಮಹಿಳೆಯರು ಇದ್ದರು.

ಸಂಗ್ರಹಿಸಿದ್ದನ್ನು ಅಚ್ಚು ಹಾಕಿಸುವುದು ಇನ್ನೂ ಕಷ್ಟದ ಕೆಲಸವಾಗಿತ್ತು. ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳುಹಿಸಿದ ಹಸ್ತಪ್ರತಿ ಅಚ್ಚಾಗದೆ ಹಿಂದಿರುಗಿತು. ಅವರು ಎದೆಗುಂದಲಿಲ್ಲ. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಇನ್ನೊಬ್ಬರ ಬಾಗಿಲು ಕಾಯುತ್ತ ಕುಳಿತರೆ ಕೆಲಸ ಸಾಗದೆಂದು ಅರಿತು, ಮನೆ ಮಾರಿ ಆ ಹಣದಿಂದ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಸ್ವತಃ ಬಾಡಿಗೆ ಮನೆಯಲ್ಲಿ ವಾಸಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆ, ಮರುವರ್ಷ ನವಕರ್ನಾಟಕ ವಾರಪತ್ರಿಕೆ ಹೊರಬಂದವು. ಬರೆಯುವುದು, ತಿದ್ದುವುದು, ಕರಡು ನೋಡುವುದು ಎಲ್ಲವೂ ಅವರದೇ. ಶಿವಾನುಭವವನ್ನು ಮೂರು ದಶಕಗಳಿಗೂ ಹೆಚ್ಚು ಕಾಲ ನಡೆಸಿದರು.

ಅವರು ಪುಸ್ತಕಗಳ ನಡುವೆಯೇ ಉಳಿದುಬಿಟ್ಟರೆಂದು ಭಾವಿಸಬೇಡಿ. ಓದಲು ಬಾರದ ಜನರಿಗೆ ಪುಸ್ತಕ ಕೊಟ್ಟು ಪ್ರಯೋಜನವೇನು? ಆದ್ದರಿಂದ 1910ರಲ್ಲಿ ಜಿಲ್ಲೆಯಲ್ಲಿ ಶಿಕ್ಷಣ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಅದೇ ಇಂದಿನ ಬಿ.ಎಲ್.ಡಿ.ಇ. ಸಂಸ್ಥೆ. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕ್ ಕಟ್ಟಿದರು.

ಗೌರವಗಳು ಅವರನ್ನು ಹುಡುಕಿಕೊಂಡು ಬಂದವು. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯದ ಡಾಕ್ಟರೇಟ್. ಬಿ.ಎಂ. ಶ್ರೀಕಂಠಯ್ಯನವರು ಬಿಜಾಪುರಕ್ಕೆ ಬಂದಾಗ ಗೋಳಗುಮ್ಮಟಕ್ಕಿಂತ ಮೊದಲು ಹಳಕಟ್ಟಿಯವರನ್ನೇ ನೋಡಬಯಸಿದರೆಂದು ನಾಡಿನಲ್ಲಿ ಈಗಲೂ ಹೇಳುತ್ತಾರೆ. ಆದರೆ ಅವರ ಉಡುಗೆ ಮಾತ್ರ ಕೊನೆಯವರೆಗೂ ಬಡವನ ಉಡುಗೆಯೇ ಆಗಿತ್ತು. 1964ರ ಜೂನ್ 29ರಂದು ಅವರು ನಿಧನರಾದರು. ಅವರ ಹೆಸರಿನ ಸಂಶೋಧನ ಕೇಂದ್ರವು ಮುಂದೆ ಆದಿಲ್‌ಶಾಹಿ ಕಾಲದ ಪಾರ್ಸಿ, ದಖನಿ ಗ್ರಂಥಗಳನ್ನೂ ಕನ್ನಡಕ್ಕೆ ತಂದಿತು.

ಓದುಗರೇ, ಅಮಾನತ್ ಎಂದರೆ ನಾವು ಸಾಮಾನ್ಯವಾಗಿ ಹಣ, ಒಡವೆಗಳನ್ನಷ್ಟೇ ನೆನೆಯುತ್ತೇವೆ. ಹಿಂದಿನವರ ಮಾತೂ ಒಂದು ಅಮಾನತ್ತೇ. ಅದಕ್ಕೆ ತನ್ನದನ್ನು ಸೇರಿಸದೆ, ಅದರಲ್ಲಿದ್ದುದನ್ನು ಬಚ್ಚಿಡದೆ, ವಾರಸುದಾರರಿಗೆ ಮುಟ್ಟಿಸಬೇಕು. ವಚನಗಳ ವಾರಸುದಾರರು ಇಡೀ ಕನ್ನಡ ಜನತೆ ಎಂದು ಬಗೆದು ಹಳಕಟ್ಟಿಯವರು ಅದನ್ನು ಮುಟ್ಟಿಸಿದರು.

ನಿಮ್ಮ ಮನೆಯ ಅಟ್ಟದಲ್ಲೂ ಅಜ್ಜನ ಕಾಲದ ಉರ್ದು, ಕನ್ನಡ ಕಾಗದಗಳ ಗಂಟೊಂದು ಇರಬಹುದು. ರದ್ದಿಯವನಿಗೆ ತೂಗಿ ಕೊಡುವ ಮುನ್ನ ಅದನ್ನೊಮ್ಮೆ ಬಿಚ್ಚಿ. ನಿಮಗೆ ಓದಲು ಬಾರದಿದ್ದರೆ ಬಲ್ಲವರಿಗೆ ತೋರಿಸಿ. ಮಕ್ಕಳನ್ನು ಬಳಿಯಲ್ಲಿ ಕೂರಿಸಿಕೊಳ್ಳಲು ಮರೆಯಬೇಡಿ.