ಗಡಿಯಾರಗಳ ನವಾಬ: ಮೂರನೇ ಸಾಲಾರ್ ಜಂಗ್

ಹೈದರಾಬಾದಿಗೆ ಹೋದವರು ಚಾರ್ಮಿನಾರ್ ನೋಡಿ, ಲಾಡ್ ಬಜಾರಿನಲ್ಲಿ ಬಳೆ ಕೊಂಡು, ಆಮೇಲೆ ಮೂಸಿ ನದಿಯ ದಂಡೆಯಲ್ಲಿರುವ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗುತ್ತಾರೆ. ಅಲ್ಲಿಯ ವಸ್ತುಗಳನ್ನು ಕೂಡಿಟ್ಟವರು ಯಾರು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅವರ ಆದಾಯದ ಒಂದು ಪಾಲು ಕನ್ನಡ ನಾಡಿನಿಂದಲೇ ಹೋಗುತ್ತಿತ್ತು ಎಂಬುದಂತೂ ಇನ್ನೂ ಕಡಿಮೆ ಜನರಿಗೆ ಗೊತ್ತು.

ಅವರ ಹೆಸರು ಮೀರ್ ಯೂಸುಫ್ ಅಲಿ ಖಾನ್. 1889ರ ಜೂನ್ 13ರಂದು ಪುಣೆಯಲ್ಲಿ ಹುಟ್ಟಿದರು. ತಿಂಗಳು ತುಂಬುವ ಮೊದಲೇ ತಂದೆ ತೀರಿಕೊಂಡರು. ಅಜ್ಜ ಮೊದಲನೇ ಸಾಲಾರ್ ಜಂಗ್ 1853ರಿಂದ 1883ರವರೆಗೆ ಹೈದರಾಬಾದ್ ಸಂಸ್ಥಾನದ ದಿವಾನರಾಗಿದ್ದರು, ತಂದೆಯೂ ದಿವಾನರೇ. ಕೂಸಿಗೆ ಬಂದ ಆಸ್ತಿಯನ್ನು ಅದು ದೊಡ್ಡದಾಗುವವರೆಗೆ ನಿಜಾಮರ ಸರಕಾರ ನೋಡಿಕೊಂಡಿತು.

ಆ ಆಸ್ತಿಯಲ್ಲಿ ಬಂಗಲೆ, ಒಡವೆಗಳಷ್ಟೇ ಅಲ್ಲ, ಊರುಗಳೂ ಇದ್ದವು. ಕೊಪ್ಪಳ ಸೀಮೆ ಸಾಲಾರ್ ಜಂಗ್ ಮನೆತನದ ಜಹಗೀರು. ಜಹಗೀರು ಎಂದರೆ ಅಲ್ಲಿಯ ಕಂದಾಯ ಜಹಗೀರುದಾರರಿಗೆ ಸೇರಬೇಕು. ಆಗ ನಮ್ಮ ಬೈಲಹೊಂಗಲ, ಸವದತ್ತಿ ಮುಂಬೈ ಪ್ರಾಂತ್ಯದಲ್ಲಿದ್ದವು, ರಾಮದುರ್ಗಕ್ಕೆ ಭಾವೆ ಮನೆತನದ ರಾಜರಿದ್ದರು. ಕೊಪ್ಪಳದ ರೈತನ ಹಣ ಮಾತ್ರ ಹೈದರಾಬಾದಿನ ದಿವಾನ್ ದೇವಡಿ ಎಂಬ ಅರಮನೆಯ ದಾರಿ ಹಿಡಿಯುತ್ತಿತ್ತು.

1912ರಲ್ಲಿ ಏಳನೇ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರು ಇವರನ್ನು ದಿವಾನರನ್ನಾಗಿ ನೇಮಿಸಿದರು. ವಯಸ್ಸು ಇನ್ನೂ 23. ಎರಡೇ ವರ್ಷಕ್ಕೆ, 1914ರಲ್ಲಿ, ಹುದ್ದೆ ಬಿಟ್ಟರು. ಮದುವೆಯಾಗಲಿಲ್ಲ. ಮುಂದಿನ ಸುಮಾರು 35 ವರ್ಷ ಚೆಂದದ ಹಳೆಯ ವಸ್ತುಗಳನ್ನು ಹುಡುಕುವುದು, ಕೊಳ್ಳುವುದರಲ್ಲೇ ಕಳೆದವು. ಯುರೋಪಿಗೆ ತಾವೇ ಹೋಗಿ ತಂದರು. ಹೋಗದಿದ್ದಾಗ ವಿದೇಶದ ಏಜೆಂಟರು ಅಂಗಡಿಗಳ ಕ್ಯಾಟಲಾಗ್ ಕಳಿಸುತ್ತಿದ್ದರು. ಈ ನವಾಬರು ಕೊಳ್ಳುತ್ತಾರೆ ಎಂಬ ಸುದ್ದಿ ಹಬ್ಬಿದ ಮೇಲೆ ವ್ಯಾಪಾರಿಗಳೇ ದೇವಡಿಯ ಬಾಗಿಲಿಗೆ ಬರತೊಡಗಿದರು. ಕೊಳ್ಳುವವನ ಆಸೆ ಮಾರುವವನಿಗೆ ಮೊದಲೇ ಗೊತ್ತಾದರೆ ದರ ಏನಾಗುತ್ತದೆ ಎಂಬುದನ್ನು ಕಾಮರ್ಸ್ ಓದದವರೂ ಹೇಳಬಲ್ಲರು.

ಚಿತ್ರ, ಕತ್ತಿ, ಪಿಂಗಾಣಿ, ಅರಬ್ಬಿ ಪಾರಸಿ ಹಸ್ತಪ್ರತಿ ಎಲ್ಲವೂ ಅಲ್ಲಿವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಗಡಿಯಾರಗಳು. ಫ್ರಾನ್ಸ್, ಇಂಗ್ಲೆಂಡ್, ಸ್ವಿಟ್ಜರ್ಲೆಂಡ್, ಜರ್ಮನಿ, ಹಾಲೆಂಡ್ ದೇಶಗಳವು. ಕೆಲವು ಆಳೆತ್ತರ, ಕೆಲವು ಭೂತಗನ್ನಡಿ ಹಿಡಿದೇ ನೋಡಬೇಕಾದಷ್ಟು ಸಣ್ಣವು. ಹಕ್ಕಿಯ ಪಂಜರದ ಆಕಾರದವಿವೆ. ಹೊರಕವಚವಿಲ್ಲದೆ ಹಲ್ಲುಚಕ್ರಗಳೆಲ್ಲ ಕಾಣುವಂಥವೂ ಇವೆ. ಎಲ್ಲಕ್ಕಿಂತ ಹೆಸರಾದದ್ದು ಸಂಗೀತ ಗಡಿಯಾರ. ಬಿಡಿಭಾಗಗಳು ಇಂಗ್ಲೆಂಡಿನಿಂದ ಬಂದವು, ಜೋಡಿಸಿದ್ದು ಕಲ್ಕತ್ತೆಯ ಕುಕ್ ಆ್ಯಂಡ್ ಕೆಲ್ವಿ ಕಂಪನಿ. ಒಂದು ಕಡೆ ಕಮ್ಮಾರನ ಗೊಂಬೆ ಸೆಕೆಂಡಿಗೊಂದು ಏಟು ಹೊಡೆಯುತ್ತಿರುತ್ತದೆ. ಗಂಟೆಯಾಗಲು ಮೂರು ನಿಮಿಷ ಇರುವಾಗ ಗಡ್ಡದ ಗೊಂಬೆಯೊಂದು ಬಾಗಿಲು ತೆರೆದು ಹೊರಬಂದು, ಸರಿಯಾದ ಹೊತ್ತಿಗೆ ಗಂಟೆ ಬಾರಿಸಿ ಒಳಗೆ ಹೋಗುತ್ತದೆ. ಮದುವೆಗೆಂದು ಹೋದಾಗ ನಾವೂ ಆ ಗುಂಪಿನಲ್ಲಿ ಕೂತಿದ್ದೆವು. ಕೈಯಲ್ಲಿ ಮೊಬೈಲ್ ಇರುವ ಅಷ್ಟು ಜನ ಹೊತ್ತು ಎಷ್ಟೆಂದು ತಿಳಿಯಲು ಬಂದವರಲ್ಲ.

ನಮ್ಮ ಅಕೌಂಟೆನ್ಸಿ ಪುಸ್ತಕದ ಲೆಕ್ಕದಲ್ಲಿ ಯಂತ್ರಕ್ಕೆ ವರ್ಷವರ್ಷ ಸವಕಳಿ. ಹಾಗೆ ಬರೆಯುತ್ತ ಹೋದರೆ ಈ ಗಡಿಯಾರಗಳ ಬೆಲೆ ಎಂದೋ ಸೊನ್ನೆಯಾಗಬೇಕಿತ್ತು. ಸಂಗ್ರಾಹಕರ ಸಂತೆಯಲ್ಲಿ ಲೆಕ್ಕ ತಿರುಗುಮುರುಗು. ನವಾಬರಷ್ಟು ಹಣ ಬೇಕೆಂದೇನಿಲ್ಲ. ಇಂದು ಹಳೆಯ ವಾಚಿನ ಹುಚ್ಚು ಹಿಡಿದವರು ಎಚ್‌ಎಂಟಿಯ ಜನತಾ, ಪೈಲಟ್ ಹುಡುಕುತ್ತಾರೆ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಾಚುಗಳವು. ಎಚ್‌ಎಂಟಿ ವಾಚಸ್ ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ಒಪ್ಪಿದ ಮೇಲೆ ಆ ಹುಡುಕಾಟ ನಿಂತಿಲ್ಲ. ಡಯಲ್ ಕಾರ್ಖಾನೆಯದೋ, ಆಮೇಲೆ ಬಣ್ಣ ಹಚ್ಚಿದ್ದೋ? ಒಳಗಿನ ಮಷಿನ್ ಅದೇ ವಾಚಿನದೋ, ಬೇರೆಯದರಿಂದ ತೆಗೆದು ಹಾಕಿದ್ದೋ? ಥಳಥಳ ಹೊಳೆಯುವ ಹೊಸ ಬಣ್ಣಕ್ಕಿಂತ ಮಾಸಿದ ಮೂಲ ಡಯಲ್‌ಗೇ ತಿಳಿದವರು ಹೆಚ್ಚು ಕೊಡುತ್ತಾರೆ.

ಸಾಲಾರ್ ಜಂಗ್ ಸಂಗ್ರಹದಲ್ಲಿ ಎಲ್ಲವೂ ಅಪರೂಪದ್ದು ಎಂದು ನನಗನಿಸಲಿಲ್ಲ. ಕೆಲವು ಕೋಣೆಗಳು ಶ್ರೀಮಂತರ ಮನೆಯ ಷೋಕೇಸಿನಂತೆ ಕಂಡವು. ಮಳೆ ನಂಬಿದ ಹೊಲದಿಂದ ಬಂದ ಕಂದಾಯ ಇದಕ್ಕೆ ಹೋಯಿತೇ ಎಂದು ಕೇಳಬೇಕು ಅನಿಸುತ್ತದೆ. ಆದರೆ ಆ ಕಾಲದ ಎಷ್ಟೋ ಜಹಗೀರುದಾರರ ಹಣ ಎಲ್ಲಿ ಹೋಯಿತೆಂಬುದಕ್ಕೆ ಗುರುತೇ ಇಲ್ಲ. ನಮ್ಮ ಕಿತ್ತೂರನ್ನೇ ನೋಡಿ: 1824ರ ನಂತರ ಖಜಾನೆ ಬ್ರಿಟಿಷರ ಪಾಲಾಯಿತು, ಅರಮನೆಯಲ್ಲಿ ಉಳಿದದ್ದು ಗೋಡೆಗಳು.

1949ರ ಮಾರ್ಚ್ 2ರಂದು ಅವರು ತೀರಿಕೊಂಡರು. ಅದೇ ವರ್ಷ ಹೈದರಾಬಾದಿನ ಜಹಗೀರುಗಳೆಲ್ಲ ರದ್ದಾದವು. ಮಕ್ಕಳಿಲ್ಲದ ಮನೆ, ವಸ್ತುಗಳು ಹಂಚಿ ಹರಾಜಾಗುವ ಸಾಧ್ಯತೆ ಇತ್ತು. ಹಾಗಾಗಲಿಲ್ಲ. 1951ರ ಡಿಸೆಂಬರ್ 16ರಂದು ದಿವಾನ್ ದೇವಡಿಯಲ್ಲೇ ಮ್ಯೂಸಿಯಂ ತೆರೆಯಿತು, ಉದ್ಘಾಟಿಸಿದವರು ಪಂಡಿತ್ ನೆಹರೂ. 1961ರಲ್ಲಿ ಸಂಸತ್ತು ಕಾಯ್ದೆ ಮಾಡಿ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದಿತು. 1968ರಲ್ಲಿ ಎಲ್ಲವೂ ಈಗಿನ ಕಟ್ಟಡಕ್ಕೆ ಬಂದವು.

ಹೋಗುವವರು ನೆನಪಿಡಿ, ಶುಕ್ರವಾರ ರಜೆ. ಹನ್ನೆರಡು ಏಟು ಕೇಳಬೇಕಾದರೆ ಹನ್ನೊಂದೂವರೆಗೇ ಹೋಗಿ ಜಾಗ ಹಿಡಿಯಿರಿ.