ಕಕ್ಷೆಯಿಂದ ಕಕ್ಷೆಗೆ ದಾರಿ: ವಾಲ್ಟರ್ ಹೋಮನ್

ಉಪಗ್ರಹಗಳಿಗೆ ಬಾನಿನಲ್ಲಿ ದಾರಿ ಹಾಕಿಕೊಟ್ಟವರು ಕಟ್ಟಡಗಳ ಭಾರವನ್ನು ಲೆಕ್ಕ ಹಾಕುತ್ತಿದ್ದ ಒಬ್ಬ ಸಿವಿಲ್ ಇಂಜಿನಿಯರರು. ವಾಲ್ಟರ್ ಹೋಮನ್ ಅವರು 1880ರ ಮಾರ್ಚ್ 18ರಂದು ಜರ್ಮನಿಯ ಹಾರ್ಡ್‌ಹೈಮ್‌ನಲ್ಲಿ ವೈದ್ಯರೊಬ್ಬರ ಮಗನಾಗಿ ಜನಿಸಿದರು. ಬಾಲ್ಯದ ಕೆಲವು ವರ್ಷಗಳು ದಕ್ಷಿಣ ಆಫ್ರಿಕದಲ್ಲಿ ಕಳೆದವು. ಮ್ಯೂನಿಕ್‌ನಲ್ಲಿ ಓದಿ 1904ರಲ್ಲಿ ಪದವಿ ಪಡೆದ ಅವರು ಮುಂದೆ ಎಸ್ಸೆನ್ ನಗರಾಡಳಿತದ ನೌಕರಿಗೆ ಸೇರಿ ಅಲ್ಲಿಯೇ ನೆಲೆಸಿದರು.

ಆಕಾಶಕಾಯಗಳನ್ನು ತಲುಪುವ ಬಗೆಯನ್ನು ಕುರಿತ ಅವರ ಗ್ರಂಥ ಹೊರಬಂದದ್ದು 1925ರಲ್ಲಿ. ದ್ರವ ಇಂಧನದ ಮೊದಲ ರಾಕೆಟ್ ಹಾರಿದ್ದೇ ಅದರ ಮರುವರ್ಷ! ಚಿಕ್ಕ ಕಕ್ಷೆಯಿಂದ ದೊಡ್ಡ ಕಕ್ಷೆಗೆ ಏರಲು ಇಂಜಿನನ್ನು ಎರಡೇ ಬಾರಿ ಉರಿಸಿದರೆ ಸಾಕೆಂದು ಅವರು ತೋರಿಸಿದರು. ಮೊದಲ ಉರಿಯಿಂದ ನೌಕೆಯ ದಾರಿ ದೀರ್ಘವೃತ್ತವಾಗಿ ಹಿಗ್ಗಿ, ಅದರ ದೂರದ ತುದಿ ಹೊರಗಿನ ವೃತ್ತವನ್ನು ಮುಟ್ಟುತ್ತದೆ. ಅಲ್ಲಿ ಎರಡನೆಯ ಉರಿ. ನಡುವಿನ ಹಾದಿಯೆಲ್ಲ ಇಂಧನವಿಲ್ಲದ ಪಯಣ.

ಒಂದೇ ರಾಕೆಟ್ಟಿನಲ್ಲಿ ಹೋದ ಉಪಗ್ರಹಗಳನ್ನು ಸಮಾನ ಅಂತರದಲ್ಲಿ ನಿಲ್ಲಿಸಲೂ ಈ ಉಪಾಯವೇ ಒದಗಿಬಂದಿತು. ಕಣದಲ್ಲಿ ಮೇಟಿಗೆ ಕಟ್ಟಿದ ಎತ್ತುಗಳು ಜೊತೆಯಾಗಿ ಸುತ್ತುತ್ತವೆ. ಉಪಗ್ರಹಗಳಿಗೆ ಆ ಹಗ್ಗವಿಲ್ಲ. ಒಳಸುತ್ತಿನದು ಮುಂದೆ ಸಾಗಿಬಿಡುತ್ತದೆ. ಮೂರು ಉಪಗ್ರಹಗಳು 500 ಕಿಲೋಮೀಟರ್ ಎತ್ತರದಲ್ಲಿವೆ ಎನ್ನೋಣ. ಒಂದನ್ನು 550 ಕಿಲೋಮೀಟರಿಗೆ ಏರಿಸಿದರೆ, ಕೆಳಗುಳಿದವು ಪ್ರತಿ ಸುತ್ತಿಗೆ ಸುಮಾರು ಒಂದು ನಿಮಿಷದಷ್ಟು ಮುಂದಾಗುತ್ತವೆ. ಸುಮಾರು 31 ಸುತ್ತುಗಳಲ್ಲಿ, ಅಂದರೆ ಎರಡು ದಿನಗಳಲ್ಲಿ, ಅಂತರವು ವೃತ್ತದ ಮೂರನೆಯ ಒಂದು ಭಾಗವಾಗುತ್ತದೆ. ಆಗ ಎರಡನೆಯದನ್ನು ಏರಿಸಬೇಕು. ಮತ್ತೆರಡು ದಿನಕ್ಕೆ ಮೂರನೆಯದನ್ನು. ಇಲ್ಲಿ ಇಂಧನಕ್ಕಿಂತ ಹೆಚ್ಚು ಕೆಲಸ ಮಾಡುವುದು ತಾಳ್ಮೆ.

ನಮ್ಮ ಹಾಸನದಲ್ಲಿ 1982ರಲ್ಲಿ ಆರಂಭವಾದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವೂ ಈ ತತ್ತ್ವವನ್ನೇ ಬಳಸುತ್ತದೆ. ರಾಕೆಟ್ಟು ಉಪಗ್ರಹವನ್ನು ದೀರ್ಘವೃತ್ತದಲ್ಲಿ ಬಿಟ್ಟು ಹೋದ ಮೇಲೆ, ಅದು ದೂರದ ತುದಿಗೆ ಬಂದಾಗ ಇಂಜಿನ್ ಉರಿಸುವ ಆಜ್ಞೆ ಹಾಸನದಿಂದ ಹೋಗುತ್ತದೆ. ಹೀಗೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನೆಲೆಗೊಂಡ ಉಪಗ್ರಹಗಳತ್ತಲೇ ಲೋಹಾರಾ, ಉಮರ್ಗಾಗಳ ಮಾಳಿಗೆಯ ಮೇಲಿನ ಡಿಶ್‌ಗಳು ಮುಖಮಾಡಿವೆ.

ಹೋಮನ್ನರ ಕೊನೆಯ ವರ್ಷಗಳು ಕಷ್ಟದವು. ಜರ್ಮನಿಯಲ್ಲಿ ರಾಕೆಟ್ಟು ಯುದ್ಧಾಸ್ತ್ರವಾಗತೊಡಗಿದಾಗ ಅವರು ಆ ಕೆಲಸದಿಂದ ದೂರ ಉಳಿದರು. ಅಷ್ಟೊಂದು ತಿಳಿದವರು ದೂರ ನಿಲ್ಲುವುದು ಆ ಕಾಲದಲ್ಲಿ ಸುಲಭದ ಮಾತಾಗಿರಲಿಲ್ಲ. ಯುದ್ಧವೇನೋ ಅವರನ್ನು ಬಿಡಲಿಲ್ಲ. ಎಸ್ಸೆನ್ ಮೇಲೆ ಬಾಂಬುಗಳು ಸುರಿಯುತ್ತಿದ್ದ 1945ರ ಮಾರ್ಚ್ 11ರಂದು ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. 65 ತುಂಬಲು ಒಂದು ವಾರ ಉಳಿದಿತ್ತು. ಮೊದಲ ಉಪಗ್ರಹ ಮೇಲೇರಲು ಇನ್ನೂ 12 ವರ್ಷ.