ಅಂಟು ಹುಡುಕಲು ಹೋಗಿ ವಿನೈಲ್ ತಂದ ವಾಲ್ಡೋ ಸೆಮನ್

ಕಳೆದ ಬೇಸಿಗೆ ರಜೆಯಲ್ಲಿ ನಾವು ನಾಲ್ಕು ಜನ ಸೇರಿ ರಾಯಚೂರಿನ ಗೆಳೆಯನ ಮನೆಯ ಹಳೇ ಕಾರಿನ ಡ್ಯಾಶ್‌ಬೋರ್ಡ್ ರಿಪೇರಿಗೆ ಕೂತಿದ್ವಿ. ಬಿಸಿಲಲ್ಲಿ ನಿಂತೂ ನಿಂತೂ ಅದರ ವಿನೈಲ್ ಹೊದಿಕೆ ನೀರು ಬತ್ತಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ಮನೆಯಲ್ಲಿದ್ದ ಎಪಾಕ್ಸಿ ಮೆತ್ತಿದ್ವಿ. ಒಂದು ವಾರ ಕಳೆಯೋದ್ರಲ್ಲಿ ಎಪಾಕ್ಸಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಆದರೆ ಅದರ ಪಕ್ಕದಲ್ಲೇ ಹೊಸ ಬಿರುಕು! ಯಾಕೆ ಹೀಗಾಯ್ತು ಅಂತ ಹುಡುಕುತ್ತಾ ಹೋದಾಗ ಸಿಕ್ಕವರು ವಾಲ್ಡೋ ಸೆಮನ್. ಕೆಮಿಕಲ್ ಬ್ರಾಂಚಿನವರು ಈ ಹೆಸರು ಕೇಳಿರಬಹುದು. ಮಿಕ್ಕವರಿಗೂ ತಿಳಿಯಲಿ ಅಂತ ಈ ಬರಹ.

ಸೆಮನ್ ಹುಟ್ಟಿದ್ದು 1898ರಲ್ಲಿ, ಅಮೆರಿಕದ ಅಲಬಾಮಾ ರಾಜ್ಯದ ಡೆಮೊಪೊಲಿಸ್‌ನಲ್ಲಿ. ನಮ್ಮ ಹಾಗೇ ಎಂಜಿನಿಯರಿಂಗ್ ವಿದ್ಯಾರ್ಥಿ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ, 1924ರಲ್ಲಿ ಅಲ್ಲೇ ಪಿಎಚ್‌ಡಿ ಮುಗಿಸಿದರು. 1926ರಲ್ಲಿ ಓಹಾಯೋದ ಆಕ್ರಾನ್‌ಗೆ ಬಂದು, ಟೈರು ಮಾಡುವ ಬಿ.ಎಫ್. ಗುಡ್‌ರಿಚ್ ಕಂಪನಿ ಸೇರಿದರು. ಅಲ್ಲಿ ಅವರಿಗೆ ಸಿಕ್ಕ ಕೆಲಸ ಒಂದೇ ಸಾಲಿನದು: ರಬ್ಬರನ್ನು ಲೋಹಕ್ಕೆ ಅಂಟಿಸುವ ಅಂಟು ಬೇಕು.

ಅವರು ಕೈಗೆತ್ತಿಕೊಂಡಿದ್ದು ಪಾಲಿವಿನೈಲ್ ಕ್ಲೋರೈಡ್, ಅಂದರೆ ನಮ್ಮ ಪಿವಿಸಿ. ಅದೇನೂ ಹೊಸ ವಸ್ತುವಲ್ಲ. ಜರ್ಮನಿಯ ಬೌಮನ್ 1872ರಲ್ಲೇ ಅದನ್ನು ನೋಡಿದ್ದರು. ಆದರೆ ಗಟ್ಟಿ, ಪೆಡಸು, ಬಿಸಿ ಮಾಡಿದರೆ ಕೆಟ್ಟುಹೋಗುತ್ತೆ. ಯಾರಿಗೂ ಬೇಡದ ಪದಾರ್ಥ. ಅದರಿಂದ ಒಂದಿಷ್ಟು ಕ್ಲೋರಿನ್ ತೆಗೆದರೆ ಅಂಟಾಗಬಹುದು ಅನ್ನೋದು ಸೆಮನ್ ಲೆಕ್ಕ. ಹೆಚ್ಚು ಉಷ್ಣತೆಯಲ್ಲಿ ಕುದಿಯುವ ದ್ರಾವಕದಲ್ಲಿ ಹಾಕಿ ಕಾಯಿಸಿದರು. ಆರಿದ ಮೇಲೆ ನೋಡಿದರೆ ಅದು ಯಾವುದಕ್ಕೂ ಅಂಟಲಿಲ್ಲ! ಆದರೆ ಎಳೆದರೆ ಹಿಗ್ಗುತ್ತಿತ್ತು, ಎಸೆದರೆ ಪುಟಿಯುತ್ತಿತ್ತು. ಲ್ಯಾಬ್ ರೆಕಾರ್ಡಿನಲ್ಲಿ ನಾವಾಗಿದ್ರೆ ಪ್ರಯೋಗ ವಿಫಲ ಅಂತ ಬರೆದು ಕೈ ತೊಳ್ಕೊಂಡಿರ್ತಿದ್ವಿ. ಅವರು ಆ ವಿಫಲ ವಸ್ತುವಿನ ಹಿಂದೆಯೇ ಬಿದ್ದರು.

ಅಲ್ಲಿ ಆಗಿದ್ದು ಇಷ್ಟು: ಪಿವಿಸಿಯ ಉದ್ದನೆಯ ಅಣುಸರಪಳಿಗಳು ಒಂದನ್ನೊಂದು ಬಿಗಿಯಾಗಿ ಸೆಳೆದುಕೊಂಡಿರುತ್ತವೆ. ದ್ರಾವಕದ ಸಣ್ಣ ಅಣುಗಳು ನಡುವೆ ತೂರಿಕೊಂಡು ಬಿಗಿ ಸಡಿಲಿಸಿದವು. ಹೋಳಿಗೆ ಕಣಕಕ್ಕೆ ಎಣ್ಣೆ ಬಿಟ್ಟು ನಾದಿದ ಹಾಗೆ. ಹೀಗೆ ಮೆದು ಮಾಡುವ ಪದಾರ್ಥಕ್ಕೇ ಪ್ಲಾಸ್ಟಿಸೈಜರ್ ಅಂತ ಹೆಸರು.

ವಸ್ತು ಸಿಕ್ತು, ಕೊಳ್ಳುವವರು ಬೇಕಲ್ಲ? ಆರ್ಥಿಕ ಕುಸಿತದ ಕಾಲ, ಕಂಪನಿ ಖರ್ಚು ಕಡಿಮೆ ಮಾಡ್ತಿತ್ತು. ಮನೆಯಲ್ಲಿ ಹೆಂಡತಿ ಪರದೆ ಹೊಲಿಯುವುದನ್ನು ನೋಡಿದ ಸೆಮನ್‌ಗೆ ಬಟ್ಟೆಗೆ ಇದನ್ನು ಬಳಿಯುವ ಯೋಚನೆ ಬಂತು. ಬಳಿದ ಬಟ್ಟೆಯನ್ನು ಕಂಪನಿಯ ಉಪಾಧ್ಯಕ್ಷರ ಮೇಜಿನ ಮೇಲಿದ್ದ ಕಾಗದಪತ್ರಗಳ ಮೇಲೆ ಹರಡಿ ನೀರು ಸುರಿದೇಬಿಟ್ಟರಂತೆ. ಕಾಗದ ನೆನೆಯಲಿಲ್ಲ, ಕೆಲಸ ಉಳಿಯಿತು. ಪೇಟೆಂಟ್ ಬಂದಿದ್ದು 1933ರಲ್ಲಿ. ಮಳೆ ಕೋಟು, ಛತ್ರಿ, ಬಚ್ಚಲಮನೆ ಪರದೆ, ವಿದ್ಯುತ್ ತಂತಿಯ ಹೊದಿಕೆ ಎಲ್ಲಾ ಬಂದವು. ನಮ್ಮ ಹಾಸ್ಟೆಲಿನ ಎಕ್ಸ್‌ಟೆನ್ಷನ್ ಬೋರ್ಡಿನ ವೈರೂ ಅದೇ ವಂಶದ್ದು. 1940ರಲ್ಲಿ ಅವರ ತಂಡ ಅಮೆರಿಪೋಲ್ ಅನ್ನುವ ಕೃತಕ ರಬ್ಬರನ್ನೂ ತಂದಿತು. ಮುಂದೆ ಯುದ್ಧದಿಂದ ಏಷ್ಯಾದ ರಬ್ಬರ್ ಅಮೆರಿಕಕ್ಕೆ ಸಿಗದಂತಾದಾಗ ಅದರ ಬೆಲೆ ಎಲ್ಲರಿಗೂ ಗೊತ್ತಾಯ್ತು.

ಇಲ್ಲಿಗೇ ನಿಲ್ಲಿಸಿದರೆ ಕಥೆ ಅರ್ಧ ಹೇಳಿದ ಹಾಗೆ. ಸೆಮನ್ 1963ರಲ್ಲಿ ನಿವೃತ್ತರಾದರು. 1974ರಲ್ಲಿ ಅದೇ ಕಂಪನಿಯ ಕೆಂಟಕಿ ರಾಜ್ಯದ ಲೂಯಿವಿಲ್ ಕಾರ್ಖಾನೆಯ ಕಾರ್ಮಿಕರು ಯಕೃತ್ತಿನ ಅಪರೂಪದ ಕ್ಯಾನ್ಸರಿನಿಂದ ಸತ್ತ ಸುದ್ದಿ ಹೊರಬಂತು. ಕಾರಣ, ಪಿವಿಸಿ ಮಾಡಲು ಬಳಸುವ ವಿನೈಲ್ ಕ್ಲೋರೈಡ್ ಅನಿಲ. ಗಾಳಿಯಲ್ಲಿ ಅದರ ಮಿತಿಯನ್ನು ಹತ್ತು ಲಕ್ಷಕ್ಕೆ 500 ಭಾಗದಿಂದ 1ಕ್ಕೆ ಇಳಿಸಲಾಯಿತು. ವಸ್ತುವಿನ ಗುಣ ಅಳೆದವರು ಅದನ್ನು ಮಾಡುವವರ ಉಸಿರನ್ನು ಅಳೆಯಲು ನಾಲ್ಕು ದಶಕ ತಗೊಂಡರು. ಎಂಜಿನಿಯರ್ ಆಗಲು ಹೊರಟಿರುವ ನಮಗೆ ಇದು ಪರೀಕ್ಷೆಗಿಂತ ದೊಡ್ಡ ಪಾಠ.

ಸೆಮನ್ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಪೇಟೆಂಟ್‌ಗಳಿವೆ. 1999ರಲ್ಲಿ, ನೂರು ತುಂಬಿದ ಮೇಲೆ, ನಮ್ಮಲ್ಲಿ ಯಾರೂ ಹುಟ್ಟುವ ಮೊದಲೇ ತೀರಿಕೊಂಡರು.

ಈಗ ನಮ್ಮ ಬಿರುಕಿಗೆ ಬರೋಣ. ಪ್ಲಾಸ್ಟಿಸೈಜರ್ ಪಿವಿಸಿಯ ಒಳಗಿರುತ್ತೆ, ಆದರೆ ರಾಸಾಯನಿಕ ಬಂಧ ಇರೋದಿಲ್ಲ. ಬಿಸಿಲಿಗೆ ಮೆಲ್ಲಗೆ ಹೊರಗೆ ಹೋಗುತ್ತೆ; ಮುಂದಿನ ಗಾಜಿನ ಒಳಮೈಗೆ ಕೂರುವ ಜಿಡ್ಡಿನಲ್ಲಿ ಅದರ ಪಾಲೂ ಉಂಟು. ಉಳಿದದ್ದು ಬೌಮನ್ ಕಾಲದ ಪೆಡಸು ಪಿವಿಸಿ. ಅದು ಬಿಸಿಗೆ ಹಿಗ್ಗಿ ತಣ್ಣಗಾದಾಗ ಕುಗ್ಗುತ್ತೆ, ಬಗ್ಗದ ಎಪಾಕ್ಸಿ ಅದರ ಜೊತೆ ಹೋಗಲ್ಲ.

ಎರಡನೇ ಸಲ ಸರಿಯಾಗಿ ಮಾಡಿದ್ವಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಜಿಡ್ಡು ಒರೆಸಿ, ಮೇಲೆದ್ದ ಅಂಚನ್ನು ಬ್ಲೇಡಿನಿಂದ ಕೊಯ್ದು, ಬಗ್ಗುವ ವಿನೈಲ್ ಫಿಲ್ಲರನ್ನು ತೆಳ್ಳಗೆ ಪದರ ಪದರವಾಗಿ ತುಂಬಿ, ಒಣಗಿದ ಮೇಲೆ ನುಣ್ಣನೆ ಮರಳು ಕಾಗದದಲ್ಲಿ ಉಜ್ಜಿ, ವಿನೈಲ್ ಬಣ್ಣ ಹೊಡೆದ್ವಿ. ಏರ್‌ಬ್ಯಾಗ್ ಇರುವ ಕಾರಾದರೆ ಆ ಮುಚ್ಚಳದ ಮೇಲೆ ಮಾತ್ರ ಏನೂ ಮೆತ್ತಬೇಡಿ. ಅದು ಹರಿದು ತೆರೆಯಲೆಂದೇ ಇರೋದು. ಕಾರನ್ನು ಈಗ ಬೇವಿನ ಮರದ ನೆರಳಲ್ಲಿ ನಿಲ್ಲಿಸ್ತಾರೆ. ಹೋದ ಪ್ಲಾಸ್ಟಿಸೈಜರ್ ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೋಬಹುದು ಅಷ್ಟೇ.